ಡಬ್ಬಿ ದಿನಾ ಖಾಲಿ ಇತ್ತು: ಒಂಬತ್ತನೇ ತರಗತಿಯ ಹುಡುಗನೊಬ್ಬನ ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳ ಆಪ್ತ ಸಮಾಲೋಚನೆಯ ಕೆಲಸವೂ ನನ್ನದೇ. ಇದು ಊಟದ ಕಾಯಿಲೆ (ಈಟಿಂಗ್ ಡಿಸಾರ್ಡರ್) ಬಂದ ನಮ್ಮ ಶಾಲೆಯ ಒಬ್ಬ ಹುಡುಗನ ಪ್ರಕರಣ. ಬರೆಯಲು ಅವನದೂ ಅವನ ಅಪ್ಪ-ಅಮ್ಮನದೂ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ತೂಕ, ಕ್ಯಾಲೊರಿಯ ಅಂಕಿಗಳನ್ನು ಬೇಕೆಂದೇ ಕೊಟ್ಟಿಲ್ಲ. ಈ ಕಾಯಿಲೆ ಇರುವ ಮಕ್ಕಳು ಇಂಥ ಬರಹದಲ್ಲಿ ಮೊದಲು ಹುಡುಕುವುದೇ ಆ ಅಂಕಿಗಳನ್ನು. ಸಿಕ್ಕಿದರೆ ಅದಕ್ಕಿಂತ ಕೆಳಗೆ ಇಳಿಯಬೇಕು ಅಂತ ಹಟ ಹಿಡಿಯುತ್ತಾರೆ.

ಹುಡುಗನಿಗೆ ಆಗ ಹದಿನಾಲ್ಕು ವರ್ಷ. ಓದಿನಲ್ಲಿ ಮುಂದು. ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ, ಅಮ್ಮ ಮನೆಯಲ್ಲೇ ಇರುತ್ತಾರೆ. ಜೊತೆಗೆ ಅಜ್ಜಿ, ಒಬ್ಬಳು ತಂಗಿ. ಎಂಟನೇ ತರಗತಿಯಲ್ಲಿ ಅವನು ಸ್ವಲ್ಪ ದಪ್ಪಗಿದ್ದ. ಪ್ರಗತಿಪತ್ರಕ್ಕೆ ಎತ್ತರ-ತೂಕ ಬರೆಯಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತೂಕ ಜೋರಾಗಿ ಓದಿ ಹೇಳುವುದು, ಮಾನಿಟರ್ ಬರೆದುಕೊಳ್ಳುವುದು ಎಷ್ಟೋ ಶಾಲೆಗಳಲ್ಲಿ ನಡೆದುಬಂದ ಪದ್ಧತಿ. ನಮ್ಮಲ್ಲೂ ಹಾಗೇ ನಡೆಯುತ್ತಿತ್ತು. ಅವನ ಅಂಕಿ ಕೇಳಿದಾಗ ಸಾಲಿನಲ್ಲಿ ನಗು ಎದ್ದಿತ್ತು. ಆಮೇಲೆ ವರ್ಷವಿಡೀ ‘ಡುಮ್ಮ’ ಅನ್ನುವ ಹೆಸರು. ಗಂಡು ಹುಡುಗರ ನಡುವೆ ಇಂಥದ್ದು ಸಹಜ ಅಂತ ದೊಡ್ಡವರು ಸುಮ್ನೆ ಬಿಡುತ್ತೇವೆ. ಬೈಸಿಕೊಂಡವನಿಗೆ ಅದು ಸಹಜ ಅನ್ನಿಸುವುದಿಲ್ಲ.

ಬೇಸಿಗೆ ರಜೆಯಲ್ಲಿ ಅವನು ಓಡಲು ಶುರು ಮಾಡಿದ. ಮೊದಲು ಬೇಕರಿ ತಿಂಡಿ ಬಿಟ್ಟ, ಆಮೇಲೆ ಎಣ್ಣೆ, ಆಮೇಲೆ ಅನ್ನ. ಮೊಬೈಲಿನಲ್ಲಿ ಸಿಕ್ಸ್ ಪ್ಯಾಕ್ ಹುಡುಗರ ರೀಲ್ಸ್ ಒಂದರ ಹಿಂದೆ ಒಂದು ಬರುತ್ತಿದ್ದವು. ಜೂನ್‌ನಲ್ಲಿ ಶಾಲೆಗೆ ಬಂದಾಗ ಎಲ್ಲರೂ ಹೊಗಳಿದರು. ‘ಏನೋ, ಹೀರೋ ಆಗ್ಬಿಟ್ಟಿದ್ದೀಯ!’ ಆಗಸ್ಟ್‌ನಲ್ಲಿ ಒಂದು ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಿ.ಟಿ. ಸರ್ ಅವನನ್ನು ಮುಂದೆ ಕರೆದು, ಶಿಸ್ತು ಅಂದರೆ ಇದು ಅಂತ ಎಲ್ಲರಿಗೂ ತೋರಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಪ್ರೀತಿಯೇ. ಹುಡುಗ ನಂತರ ಡಾಕ್ಟರಿಗೆ ಹೇಳಿದ್ದು: ‘ಅವತ್ತಿಂದ ನಿಲ್ಸೋಕೆ ಭಯ ಆಯ್ತು. ಮತ್ತೆ ದಪ್ಪ ಆದ್ರೆ ಎಲ್ಲರೂ ನೋಡ್ತಾರೆ.’

ಮನೆಯಲ್ಲಿ ಇದಕ್ಕೆ ಬೇರೆಯದೇ ಮರೆ ಸಿಕ್ಕಿತ್ತು. ಶ್ರಾವಣದಲ್ಲಿ ಅವನು ಶನಿವಾರದ ಒಪ್ಪತ್ತು ಹಿಡಿದ. ಹನುಮಂತ ದೇವರಿಗೆ ಅಂತ ಹೇಳಿದಾಗ ಅಜ್ಜಿಗೆ ಖುಷಿಯೋ ಖುಷಿ. ಆಮೇಲೆ ಸೋಮವಾರವೂ ಸೇರಿತು. ಏಕಾದಶಿ ಬಂತು. ಶ್ರಾವಣ ಮುಗಿದರೂ ಒಪ್ಪತ್ತು ಮುಗಿಯಲಿಲ್ಲ. ಇಷ್ಟು ಚಿಕ್ಕ ವಯಸ್ಸಿಗೆ ಎಂಥಾ ಭಕ್ತಿ ಅಂತ ಬೀದಿಯವರೂ ಅಂದರು. ನಮ್ಮ ಕಡೆ ಊಟ ಬಿಡಲು ಗೌರವದ ಕಾರಣಗಳು ಬೇಕಾದಷ್ಟಿವೆ. ವ್ರತ ಇದೆ, ಮಾಲೆ ಇದೆ, ಪರೀಕ್ಷೆಯ ಹರಕೆ ಇದೆ. ಊಟದ ಕಾಯಿಲೆ ಇದರ ಹಿಂದೆ ಅಡಗಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಮೊದಲು ಕಂಡಿದ್ದು ಶಿಕ್ಷಕರಿಗೆ ಅಲ್ಲ. ನಮ್ಮ ಶಾಲೆಯಲ್ಲಿ ಕೈ ತೊಳೆಯುವ ಜಾಗ ಸ್ವಚ್ಛ ಮಾಡುವ ಆಯಾ ಒಬ್ಬರಿದ್ದಾರೆ. ನವೆಂಬರ್‌ನಲ್ಲಿ ಅವರು ಬಂದು ಮೆಲ್ಲಗೆ ಹೇಳಿದರು: ‘ಮೇಡಂ, ಆ ಹುಡ್ಗ ದಿನಾ ಚಪಾತಿ ಸ್ನೇಹಿತರಿಗೆ ಕೊಡ್ತಾನ್ರಿ. ಉಳಿದದ್ದು ನಾಯಿಗೆ ಹಾಕ್ತಾನೆ. ಆಮೇಲೆ ಹಿಂದ್ಗಡೆ ಹೋಗಿ ಓಡ್ತಾನೆ.’ ಡಬ್ಬಿ ಖಾಲಿಯಾಗಿ ಮನೆಗೆ ಹೋಗುತ್ತಿತ್ತು. ಅಮ್ಮನಿಗೆ ನೆಮ್ಮದಿ. ತರಗತಿಯಲ್ಲಿ ಅಂಕಗಳು ಏರುತ್ತಿದ್ದವು. ನಮಗೂ ನೆಮ್ಮದಿ. ಎರಡೂ ಕಡೆಯ ನೆಮ್ಮದಿಯ ನಡುವೆ ಹುಡುಗ ಸೊರಗುತ್ತಿದ್ದ.

ಆಯಾ ಹೇಳಿದ ಮೇಲೆ ನಾನು ಅವನನ್ನು ಕರೆಸಿ ಮಾತಾಡಿದೆ. ಬಿಸಿಲಿನಲ್ಲೂ ಸ್ವೆಟರ್ ಹಾಕಿದ್ದ. ಬೆರಳ ತುದಿ ನೀಲಿಗಟ್ಟಿತ್ತು. ಕೈ ಮೇಲೆ ತೆಳುವಾದ ಮೃದು ರೋಮ ಬಂದಿತ್ತು. ಕುಳಿತವನು ಎದ್ದರೆ ಕಣ್ಣು ಕತ್ತಲೆ ಬರುತ್ತೆ ಅಂದ. ಊಟದ ಬಗ್ಗೆ ನಾನು ಕೇಳಲಿಲ್ಲ. ನಿದ್ದೆ, ಚಳಿ, ಸುಸ್ತು, ಸ್ನೇಹಿತರ ಬಗ್ಗೆ ಕೇಳಿದೆ. ‘ಯಾವಾಗಲೂ ಚಳಿ ಮಿಸ್’ ಅಂದು ಅತ್ತುಬಿಟ್ಟ.

ಅಪ್ಪ-ಅಮ್ಮ ಬಂದರು. ಅವರೇನೂ ಸುಮ್ಮನೆ ಕೂತಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದಿದ್ದರು. ಹುಳುವಿನ ಮಾತ್ರೆ ಆಗಿತ್ತು, ಕಾಮಾಲೆಗೆ ನಾಟಿ ಔಷಧಿ ಆಗಿತ್ತು. ಒಂದು ಕ್ಲಿನಿಕ್‌ನಲ್ಲಿ ಥೈರಾಯ್ಡ್, ಸಕ್ಕರೆ, ಟಿ.ಬಿ. ಪರೀಕ್ಷೆ ಎಲ್ಲ ಮಾಡಿಸಿ ‘ರಿಪೋರ್ಟ್ ನಾರ್ಮಲ್’ ಅಂದಿದ್ದರು. ನಾಡಿ ಕಡಿಮೆ ಇದ್ದುದಕ್ಕೆ, ಓಡುವ ಹುಡುಗ ಅಲ್ವಾ ಅಂದಿದ್ದರು. ಈ ಪರೀಕ್ಷೆಗಳೆಲ್ಲ ಬೇಕಾದವೇ. ಹುಡುಗನೊಬ್ಬ ಕಾರಣ ಇಲ್ಲದೆ ಇಳಿದುಹೋಗುತ್ತಿದ್ದರೆ ಟಿ.ಬಿ., ಮಧುಮೇಹ, ಕರುಳಿನ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಆದರೆ ರಕ್ತದ ರಿಪೋರ್ಟ್ ಚೆನ್ನಾಗಿ ಬಂತು ಅಂದರೆ ಹುಡುಗ ಚೆನ್ನಾಗಿದ್ದಾನೆ ಅಂತ ಅರ್ಥ ಅಲ್ಲ. ಹಸಿದ ದೇಹ ಕೊನೆಯವರೆಗೂ ರಕ್ತವನ್ನು ಸಮ ಇಡಲು ಹೆಣಗುತ್ತದೆ.

ಈಟಿಂಗ್ ಡಿಸಾರ್ಡರ್ ಇರಬಹುದು ಅಂತ ನಾನು ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: ‘ಅದು ಹೆಣ್ಣುಮಕ್ಕಳಿಗೆ ಬರೋದಲ್ವಾ ಮೇಡಂ?’

ಇದು ಅವರೊಬ್ಬರ ತಪ್ಪು ತಿಳಿವಳಿಕೆ ಅಲ್ಲ. ವೈದ್ಯರ ಪುಸ್ತಕಗಳೇ ಬಹಳ ಕಾಲ ಹಾಗೆ ಹೇಳಿದವು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ, ಅನೊರೆಕ್ಸಿಯಾ ನರ್ವೋಸಾ (ದಪ್ಪ ಆಗುವ ಭಯದಿಂದ ಊಟ ಬಿಟ್ಟು ಸೊರಗುವ ಕಾಯಿಲೆ) ಎಂದು ಹೇಳಬೇಕಾದರೆ ಮುಟ್ಟು ನಿಂತಿರಬೇಕು ಎಂಬ ಲಕ್ಷಣವೂ ಪಟ್ಟಿಯಲ್ಲಿತ್ತು. ಅದನ್ನು ತೆಗೆದುಹಾಕಿದ್ದು 2013ರಲ್ಲಿ, ಐದನೇ ಆವೃತ್ತಿ ಬಂದಾಗ. ಅಲ್ಲಿಯವರೆಗೆ ಗಂಡು ಹುಡುಗರು ಆ ಪಟ್ಟಿಯೊಳಗೆ ಹೇಗೆ ಹಿಡಿಸಬೇಕಿತ್ತು? ತಪಾಸಣೆಗೆ ಬಳಸುವ ಹಳೆಯ ಪ್ರಶ್ನಾವಳಿಗಳನ್ನೂ ಹೆಣ್ಣುಮಕ್ಕಳನ್ನು ನೋಡಿಯೇ ಮಾಡಿದ್ದು. ‘ಸಣ್ಣಗಾಗಬೇಕು ಅನ್ನಿಸುತ್ತದೆಯೇ’ ಅಂತ ಅವು ಕೇಳುತ್ತವೆ. ನಮ್ಮ ಹುಡುಗನಿಗೆ ಸಣ್ಣಗಾಗುವ ಆಸೆ ಇರಲಿಲ್ಲ. ಅವನಿಗೆ ಹೊಟ್ಟೆಯ ಮೇಲೆ ‘ಕಟ್ಸ್’ ಕಾಣಬೇಕಿತ್ತು. ಕೊಬ್ಬು ಹೋಗಬೇಕು, ಸ್ನಾಯು ಬರಬೇಕು ಅಂತಿದ್ದ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಪುಷ್ಅಪ್ ಹೊಡೆಯುತ್ತಿದ್ದ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಅನೊರೆಕ್ಸಿಯಾ ಅಥವಾ ಬುಲಿಮಿಯಾ (ಮಿತಿಮೀರಿ ತಿಂದು ಆಮೇಲೆ ಅದನ್ನು ಸರಿದೂಗಿಸಲು ಹೆಣಗುವ ಕಾಯಿಲೆ) ಬಂದಿದ್ದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಗಂಡಸರೇ ಇದ್ದರು.

ಇನ್ನೂ ಹಿಂದಕ್ಕೆ ಹೋದರೆ ಆಶ್ಚರ್ಯ ಆಗುತ್ತದೆ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಕ್ಷಯರೋಗದ ಬಗ್ಗೆ ಒಂದು ಪುಸ್ತಕ ಬರೆದ. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಸೊರಗುತ್ತಿರುವ ಇಬ್ಬರ ವಿಷಯ ಅದರಲ್ಲಿದೆ. ಒಬ್ಬಳು ಹದಿಹರೆಯದ ಹುಡುಗಿ. ಇನ್ನೊಬ್ಬ ಪಾದ್ರಿಯೊಬ್ಬರ ಮಗ, ಸುಮಾರು ಹದಿನಾರರ ಹುಡುಗ. ಅತಿಯಾಗಿ ಓದಿದ್ದು ಮತ್ತು ಮನಸ್ಸಿನ ತಳಮಳವೇ ಕಾರಣ ಅಂತ ಮಾರ್ಟನ್ ಬರೆದ. ಓದು ನಿಲ್ಲಿಸು, ಹಳ್ಳಿಯ ಗಾಳಿಗೆ ಹೋಗು, ಕುದುರೆ ಸವಾರಿ ಮಾಡು, ಹಾಲು ಕುಡಿ ಅಂತ ಹೇಳಿದ. ಹುಡುಗ ಬಹುಮಟ್ಟಿಗೆ ಚೇತರಿಸಿಕೊಂಡ. ಅಂದರೆ ಈ ಕಾಯಿಲೆಯ ದಾಖಲೆ ಶುರುವಾಗುವ ಜಾಗದಲ್ಲೇ ಒಬ್ಬ ಹುಡುಗ ಇದ್ದಾನೆ. ಕುದುರೆ ಸವಾರಿಯನ್ನು ಇವತ್ತಿನ ವೈದ್ಯರು ಒಪ್ಪಲಿಕ್ಕಿಲ್ಲ. ಓದಿನ ಒತ್ತಡವನ್ನು ಮೊದಲು ಇಳಿಸಿದ್ದನ್ನು ಮಾತ್ರ ನಮ್ಮ ಶಾಲೆಗಳು ಗಮನಿಸಬೇಕು.

ಹುಡುಗನನ್ನು ಅಪ್ಪ-ಅಮ್ಮ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ ನಲವತ್ತಾರು. ಹಗಲಿನಲ್ಲಿ ನಾಡಿ ಐವತ್ತಕ್ಕಿಂತ ಕೆಳಗಿದ್ದರೆ ಹದಿಹರೆಯದವರನ್ನು ದಾಖಲು ಮಾಡಿಕೊಳ್ಳಬೇಕು ಎಂಬುದು ವೈದ್ಯರು ಪಾಲಿಸುವ ಒಂದು ಸೂತ್ರ. ಅವತ್ತೇ ದಾಖಲು ಮಾಡಿದರು. ಅಮ್ಮ ಮನೆಯಿಂದ ತುಪ್ಪ ಹಾಕಿದ ಮುದ್ದೆ ತಂದಾಗ ನರ್ಸ್ ತಡೆದರು. ಬಹಳ ದಿನ ಹಸಿದ ದೇಹಕ್ಕೆ ಒಂದೇ ಸಲ ಜಾಸ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಶಿಯಂ ದಿಢೀರ್ ಕುಸಿದು ಹೃದಯಕ್ಕೇ ಅಪಾಯ ಆಗಬಹುದು. ಹೀಗಾಗಿ ದಿನಾ ರಕ್ತ ನೋಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿದರು. ಓದುಗರಿಗೆ ಇದು ಗೊತ್ತಿರಲಿ: ತೀರಾ ಸೊರಗಿದ ಮಗುವಿಗೆ ಮನೆಯಲ್ಲಿ ಬಲವಂತವಾಗಿ ತಿನ್ನಿಸಿ ಸರಿಮಾಡಲು ಹೋಗಬೇಡಿ. ಮೊದಲು ವೈದ್ಯರು ನೋಡಲಿ.

ಆಸ್ಪತ್ರೆಯ ಮನೋವೈದ್ಯರು ಅಪ್ಪ-ಅಮ್ಮನಿಗೆ ಹೇಳಿದ ಒಂದು ಮಾತು ನಮ್ಮ ಸ್ಟಾಫ್ ರೂಮಿಗೂ ತುಂಬಾ ಉಪಯೋಗ ಆಯಿತು. ಹುಡುಗ ಮನೆಯಲ್ಲಿ ವಿಚಿತ್ರವಾಗಿ ಆಡುತ್ತಿದ್ದ. ರಾತ್ರಿ ಎಲ್ಲ ಅಡುಗೆಯ ವಿಡಿಯೋ ನೋಡುತ್ತಿದ್ದ. ತಂಗಿಗೆ ಒಬ್ಬಟ್ಟು ಮಾಡಿಸಿ, ಅವಳು ಪೂರ್ತಿ ತಿನ್ನುವವರೆಗೆ ಎದುರು ಕೂರುತ್ತಿದ್ದ. ಊಟದ ಮಾತು ಎತ್ತಿದರೆ ರೇಗುತ್ತಿದ್ದ. ಸುಳ್ಳು ಹೇಳುತ್ತಿದ್ದ. ಒಳ್ಳೆಯ ಹುಡುಗ ಹೀಗೇಕೆ ಕೆಟ್ಟ ಅಂತ ಅಮ್ಮ ಅಳುತ್ತಿದ್ದರು. ಇದು ಹಸಿವಿನ ಕೆಲಸ ಅಂತ ಡಾಕ್ಟರು ವಿವರಿಸಿದರು. 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಯುದ್ಧಕ್ಕೆ ಹೋಗಲು ಒಪ್ಪದೆ, ತಾವಾಗಿಯೇ ಮುಂದೆ ಬಂದವರು ಅವರು. ಆರು ತಿಂಗಳು ಅರೆಹೊಟ್ಟೆ ಊಟ. ಮೈ ತೂಕದ ಕಾಲು ಭಾಗದಷ್ಟು ಇಳಿಯಿತು. ಅವರ ತಲೆಯಲ್ಲಿ ಊಟ ಬಿಟ್ಟು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಓದುತ್ತಾ ಕೂತರು. ಮಂಕಾದರು, ಸಿಡುಕಿದರು, ಜನರಿಂದ ದೂರ ಸರಿದರು. ಅವರಲ್ಲಿ ಯಾರಿಗೂ ಮೊದಲು ಊಟದ ಕಾಯಿಲೆ ಇರಲಿಲ್ಲ. ಈ ಪ್ರಯೋಗದ ಕಥೆ ಹೇಳಿದ ಮೇಲೆ ನಮ್ಮ ಶಿಕ್ಷಕರಲ್ಲಿ ಒಬ್ಬರೂ ‘ಹಟಮಾರಿ’ ಅನ್ನಲಿಲ್ಲ.

ಚಿಕಿತ್ಸೆ ನಡೆದದ್ದು ಮನೆಯವರ ಮೂಲಕವೇ. ಲಂಡನ್‌ನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಬೆಳೆದ ವಿಧಾನ ಇದು. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ತಿನ್ನಬೇಕು ಎಂದು ನಿರ್ಧರಿಸುವವರು ಅಪ್ಪ-ಅಮ್ಮ. ತೂಕ ಸರಿಯಾಗುತ್ತಾ ಬಂದ ಹಾಗೆ ಆ ಹಕ್ಕನ್ನು ಮೆಲ್ಲಗೆ ಮಗುವಿಗೆ ವಾಪಸ್ ಕೊಡುತ್ತಾರೆ. ಯಾರಿಂದ ಹೀಗಾಯಿತು ಎಂಬ ವಿಚಾರಣೆ ಇರುವುದಿಲ್ಲ. ಇದು ನಮ್ಮ ಕುಟುಂಬಗಳಿಗೆ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಊಟ ಹಾಕುವುದು ಮನೆಯವರಿಗೆ ಹೇಳಿಕೊಡಬೇಕಾದ ವಿದ್ಯೆ ಅಲ್ಲ ನೋಡಿ.

ಒಪ್ಪತ್ತಿನ ಗಂಟು ಬಿಚ್ಚಿದ್ದು ಅಜ್ಜಿ. ಡಾಕ್ಟರ ಮಾತಿಗೆ ಹುಡುಗ, ದೇವರಿಗೆ ಹರಕೆ ಇದೆ, ಬಿಡೋ ಹಾಗಿಲ್ಲ ಅಂತ ಕೂತಿದ್ದ. ಅಜ್ಜಿ ಅವನ ಮಂಚದ ಪಕ್ಕ ಕೂತು ಹೇಳಿದರು: ‘ಬೆಳೆಯೋ ಮಕ್ಕಳಿಗೆ, ಕಾಯಿಲೆಯವರಿಗೆ, ಬಸುರಿಯರಿಗೆ ಉಪವಾಸ ಇಲ್ಲಪ್ಪ. ನಿನ್ನ ಪಾಲಿನ ಶನಿವಾರ ನಾನು ಹಿಡೀತೀನಿ. ನೀನು ಉಣ್ಣು.’ ಡಾಕ್ಟರ ಜೊತೆ ಅವನು ವಾದ ಮಾಡಿದ್ದ. ಅಜ್ಜಿಯ ಜೊತೆ ಆಗಲಿಲ್ಲ.

ಇನ್ನು ಶಾಲೆಯ ಪಾಲು. ಹುಡುಗ ದಿನಕ್ಕೆ ಒಂದು ಹೊತ್ತು ನಮ್ಮ ಕಣ್ಣೆದುರು ಉಣ್ಣುತ್ತಾನೆ. ಮನೆಯವರು ಎಷ್ಟು ಕಷ್ಟಪಟ್ಟರೂ ಆ ಒಂದು ಹೊತ್ತು ತಪ್ಪಿದರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಹಾಗಾಗಿ ಅವನು ವಾಪಸ್ ಬಂದಾಗ ನಾವು ಎಲ್ಲದಕ್ಕಿಂತ ಮೊದಲು ಮಧ್ಯಾಹ್ನದ ಊಟವನ್ನು ಹಿಡಿದುಕೊಂಡೆವು. ಕರಕುಶಲ ಕೋಣೆಯಲ್ಲಿ ಅವನು, ಅವನೇ ಆರಿಸಿದ ಒಬ್ಬ ಸ್ನೇಹಿತ, ಒಬ್ಬರು ಶಿಕ್ಷಕರು. ಶಿಕ್ಷಕರೂ ತಮ್ಮ ಡಬ್ಬಿ ತಂದು ಅಲ್ಲೇ ಉಣ್ಣಬೇಕು. ಎದುರು ಕೂತು ಬರೀ ನೋಡಬಾರದು. ಅರ್ಧ ಗಂಟೆ ಸಮಯ. ಕ್ರಿಕೆಟ್, ಸಿನಿಮಾ, ಯಾರ ಮನೆ ನಾಯಿ ಮರಿ ಹಾಕಿತು, ಇಂಥ ಮಾತು ಆಗಬಹುದು. ಊಟದ ಬಗ್ಗೆ, ಮೈಯ ಬಗ್ಗೆ ಒಂದು ಮಾತೂ ಬೇಡ. ‘ಈಗ ಚೆನ್ನಾಗಿ ಕಾಣ್ತೀಯ’ ಅನ್ನುವುದೂ ಬೇಡ. ಅವನ ಕಿವಿಗೆ ಅದು ‘ದಪ್ಪ ಆಗಿದ್ದೀಯ’ ಅಂತಲೇ ಕೇಳುತ್ತದೆ. ಮುಗಿಸಿದರೆ ಹೊಗಳಿಕೆ ಇಲ್ಲ, ಉಳಿಸಿದರೆ ಬೈಗುಳ ಇಲ್ಲ. ಉಳಿದಿದ್ದರೆ ಅಮ್ಮನಿಗೆ ಒಂದು ಮೆಸೇಜ್ ಹೋಗುತ್ತದೆ, ಸಂಜೆ ಅವರು ಸರಿದೂಗಿಸುತ್ತಾರೆ, ಅಷ್ಟೆ. ಊಟದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೇರಂ. ಹಿಂದೆ ಹೋಗಿ ಓಡಲು ದಾರಿ ಇರಬಾರದಲ್ಲ.

ಶುರುವಿನ ವಾರಗಳು ಭಾರವಾಗಿದ್ದವು. ಚಿತ್ರಾನ್ನದ ಕಡಲೆಬೀಜ ಒಂದೊಂದಾಗಿ ಆರಿಸಿ ಪಕ್ಕಕ್ಕೆ ಇಡುತ್ತಿದ್ದ. ಕೈ ನಡುಗುತ್ತಿತ್ತು. ಕನ್ನಡ ಮೇಡಂ ಬಂದ ದಿನ ಮಾತ್ರ ಬೇಗ ಮುಗಿಸುತ್ತಿದ್ದ. ಅವರು ತಮ್ಮ ಊರಿನ ಜಾತ್ರೆಯ ಕಥೆಗಳನ್ನು ಬಿಡದೆ ಹೇಳುತ್ತಾರೆ. ಕೇಳುತ್ತಾ ಕೈ ತಾನೇ ಬಾಯಿಗೆ ಹೋಗುತ್ತಿತ್ತು. ನಂತರ ಮೇಜಿನ ಪಾಳಿಯಲ್ಲಿ ಅವರಿಗೇ ಹೆಚ್ಚು ದಿನ ಕೊಟ್ಟೆವು.

ಆಟದ ವಿಷಯ ಸೂಕ್ಷ್ಮವಾಗಿತ್ತು. ಡಾಕ್ಟರ ಚೀಟಿ ಬರುವವರೆಗೆ ಓಟ, ಆಟ ಎರಡೂ ಬಂದ್. ಮೈದಾನದಿಂದ ಪೂರ್ತಿ ದೂರ ಇಟ್ಟಿದ್ದರೆ ಅವನು ಒಂಟಿಯಾಗುತ್ತಿದ್ದ. ಪಿ.ಟಿ. ಸರ್ ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರು ಅಂದರೆ, ನಾನು ಬೇರೆ ಶಾಲೆಗಳಿಗೆ ಹೋದಾಗಲೂ ಅವರ ಉದಾಹರಣೆಯನ್ನೇ ಕೊಡುತ್ತೇನೆ. ಕಬಡ್ಡಿ ಪಂದ್ಯದ ಸ್ಕೋರ್ ಬರೆಯುವ ಕೆಲಸ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡರು. ‘ಚೀಟಿ ಬಂದ ದಿನ ನಾನೇ ನಿನ್ನ ಜೊತೆ ಓಡ್ತೀನಿ’ ಅಂದರು. ಎತ್ತರ-ತೂಕ ನೋಡುವ ಪದ್ಧತಿಯನ್ನು ಬದಲಿಸಿದ್ದೂ ಅವರೇ. ಈಗ ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಚ್ಚಿ, ಅಂಕಿ ಹೇಳದೆ ಬರೆದುಕೊಳ್ಳುತ್ತಾರೆ. ಹಿಂದಿನ ವರ್ಷದ ಅಂಕಿಯ ಜೊತೆ ಹೋಲಿಸಿ ನೋಡುತ್ತಾರೆ. ಹದಿಮೂರು-ಹದಿನಾಲ್ಕರ ಹುಡುಗ ಎತ್ತರಕ್ಕೆ ಏರುವ ವಯಸ್ಸಿನವನು. ಆ ವಯಸ್ಸಿನಲ್ಲಿ ತೂಕ ಏರದೆ ನಿಂತರೂ ಅದು ಇಳಿದ ಲೆಕ್ಕವೇ. ಆ ಹೋಲಿಕೆಯಿಂದ ಇನ್ನೊಬ್ಬ ಹುಡುಗನ ವಿಷಯ ಬೇಗ ಕಣ್ಣಿಗೆ ಬಿತ್ತು. ಅವನದು ಬೇರೆ ಕಾರಣ. ಮನೆಯಲ್ಲಿ ನಿಜವಾಗಿಯೂ ಊಟಕ್ಕೆ ತೊಂದರೆ ಇತ್ತು.

ನನ್ನ ವಿಜ್ಞಾನದ ತರಗತಿಯಲ್ಲಿ, ಮಕ್ಕಳು ತಮ್ಮದೇ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕ ಹಾಕಿ ಬೋರ್ಡ್ ಮೇಲೆ ಬರೆಯುವ ಚಟುವಟಿಕೆಯನ್ನು ಪಾಠದಿಂದ ತೆಗೆದೆ. ಸೂತ್ರ ಕಲಿಯಲು ಬೇರೆ ಅಂಕಿ ಸಾಕು.

ತರಗತಿಯ ಮಕ್ಕಳಿಗೆ ಏನು ಹೇಳಬೇಕು ಅನ್ನುವುದು ಕಷ್ಟದ ಪ್ರಶ್ನೆ. ಹುಡುಗನನ್ನೇ ಕೇಳಿದೆವು. ‘ಹುಷಾರಿಲ್ಲ, ಡಾಕ್ಟರು ಊಟದ ಟೈಮ್ ಹೇಳಿದ್ದಾರೆ ಅಂತ ಹೇಳಿ ಸಾಕು’ ಅಂದ. ಅಷ್ಟೇ ಹೇಳಿದೆವು. ಆದರೆ ಅವನ ಚಪಾತಿ ತಿನ್ನುತ್ತಿದ್ದ ಹುಡುಗ ಒಂದು ದಿನ ನನ್ನ ಹತ್ತಿರ ಬಂದು, ‘ದಿನಾ ನಾನೇ ತಿಂದೆ ಮಿಸ್, ಅದಕ್ಕೇ ಹೀಗಾಯ್ತಾ?’ ಅಂದ. ಎಷ್ಟು ದಿನದಿಂದ ಇದನ್ನು ಹೊತ್ತುಕೊಂಡಿದ್ದನೋ. ನಿನ್ನಿಂದ ಆಗಿದ್ದಲ್ಲ, ಕೊಡದಿದ್ದರೆ ಅವನು ಬೇರೆಡೆ ಹಾಕುತ್ತಿದ್ದ ಅಂತ ಕೂರಿಸಿಕೊಂಡು ಹೇಳಿದೆ. ಇಂಥ ಪ್ರಕರಣದಲ್ಲಿ ಸ್ನೇಹಿತರನ್ನೂ ನೋಡಿಕೊಳ್ಳಬೇಕು.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಇಂಥದ್ದು ನಡೆದ ಕೂಡಲೇ ಶಾಲೆಗಳು ಒಬ್ಬ ಅತಿಥಿಯನ್ನು ಕರೆಸಿ ಮಕ್ಕಳಿಗೆ ‘ಜಾಗೃತಿ’ ಭಾಷಣ ಮಾಡಿಸುತ್ತವೆ. ಮಕ್ಕಳು ಊಟ ಹೇಗೆ ಬಚ್ಚಿಡುತ್ತಾರೆ, ಹೇಗೆ ಕಕ್ಕುತ್ತಾರೆ ಎಂದು ಅದರಲ್ಲಿ ವರ್ಣನೆ ಬರುತ್ತದೆ. ಗೊತ್ತಿಲ್ಲದ ಮಗುವಿಗೆ ಅದು ಪಾಠವಾಗಿಬಿಡುತ್ತದೆ. ತರಬೇತಿ ಬೇಕಾಗಿರುವುದು ದೊಡ್ಡವರಿಗೆ: ಶಿಕ್ಷಕರಿಗೆ, ಆಯಾಗೆ, ಬಸ್ ಡ್ರೈವರಿಗೆ, ಹಾಸ್ಟೆಲ್ ವಾರ್ಡನ್ನಿಗೆ. ಹತ್ತನೇ ತರಗತಿಯವರೆಗೆ ಬಿಸಿಯೂಟ ಕೊಡುವ ನಮ್ಮ ಸರ್ಕಾರಿ ಶಾಲೆಗಳಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲ ಇದೆ. ಅಲ್ಲಿ ಎಲ್ಲರ ತಟ್ಟೆಯೂ ಕಣ್ಣೆದುರೇ ಇರುತ್ತದೆ. ಬಡಿಸುವ ಅಕ್ಕಂದಿರನ್ನು ಕೇಳಿ ನೋಡಿ, ಯಾವ ಹುಡುಗ ವಾರದಿಂದ ಅನ್ನ ಕೆದಕಿ ಎದ್ದು ಹೋಗುತ್ತಿದ್ದಾನೆ ಅಂತ ಅವರಿಗೆ ಗೊತ್ತಿರುತ್ತದೆ.

ಎಲ್ಲಿಗೆ ಕಳಿಸಬೇಕು ಎಂದು ಕೇಳುವ ಶಿಕ್ಷಕರಿಗೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಪ್ರತ್ಯೇಕ ವಿಭಾಗ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಗು ತಲೆ ಸುತ್ತಿ ಬಿದ್ದರೆ, ನಾಡಿ ತೀರಾ ನಿಧಾನ ಇದ್ದರೆ, ನೀರನ್ನೂ ಬಿಟ್ಟಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಹುಡುಗನ ದಾರಿ ನೆಟ್ಟಗಿರಲಿಲ್ಲ. ಮಾರ್ಚ್ ಹೊತ್ತಿಗೆ ತೂಕ ಚೆನ್ನಾಗಿ ಏರಿತ್ತು. ಬೇಸಿಗೆ ರಜೆಯಲ್ಲಿ ಮತ್ತೆ ಇಳಿಯಿತು. ರಜೆಯಲ್ಲಿ ಶಾಲೆಯ ಮೇಜು ಇಲ್ಲ, ದಿನದ ಲಯ ಇಲ್ಲ, ಮದುವೆ ಮನೆಗಳಲ್ಲಿ ನೆಂಟರ ಬಾಯಿ ಬೇರೆ. ಅಮ್ಮ ಬೇಗ ಗುರುತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ್ದರಿಂದ ಮತ್ತೆ ದಾಖಲು ಮಾಡಬೇಕಾಗಲಿಲ್ಲ. ಹತ್ತನೇ ತರಗತಿ ಶುರುವಾದ ದಿನವೇ ಕರಕುಶಲ ಕೋಣೆಯ ಊಟವೂ ಶುರುವಾಯಿತು. ಬೆಳಗಿನ ವಿಶೇಷ ತರಗತಿಯಿಂದ ಅವನಿಗೆ ವಿನಾಯಿತಿ ಕೊಟ್ಟೆವು. ಬೆಳಗಿನ ತಿಂಡಿ ಮನೆಯಲ್ಲಿ ಕೂತು ತಿನ್ನಲಿ ಅಂತ. ಎಸ್ಸೆಸ್ಸೆಲ್ಸಿ ಹತ್ತಿರ ಇಟ್ಟುಕೊಂಡು ಹೀಗೆ ಮಾಡಬಹುದೇ ಅಂತ ಕೆಲವರು ಕೇಳಿದರು. ಮುಖ್ಯೋಪಾಧ್ಯಾಯರು ಅಲುಗಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಡಾಕ್ಟರ ಚೀಟಿ ಬಂತು. ಪಿ.ಟಿ. ಸರ್ ಮಾತು ಉಳಿಸಿಕೊಂಡರು. ಓಡುವ ಮೊದಲು ಇಬ್ಬರೂ ಬಾಳೆಹಣ್ಣು ತಿನ್ನಬೇಕು ಅನ್ನುವುದು ಅವರು ಹಾಕಿದ ಷರತ್ತು.

ಅವನು ಈಗ ಪಿಯುಸಿಗೆ ಸೇರಿದ್ದಾನೆ. ಆರು ವಾರಕ್ಕೊಮ್ಮೆ ಡಾಕ್ಟರನ್ನು ನೋಡುತ್ತಾನೆ. ಕನ್ನಡಿ ಮುಂದೆ ನಿಲ್ಲಲು ಇನ್ನೂ ಕಷ್ಟ ಅಂತ ಅವನೇ ಹೇಳುತ್ತಾನೆ. ಕಾಲೇಜಿಗೆ ಕೊಡಲು ನಾವು ಒಂದು ಪುಟದ ಪತ್ರ ಬರೆದೆವು. ಅದರಲ್ಲಿ ಕಾಯಿಲೆಯ ಕಥೆ ಇಲ್ಲ, ಬೇಕಾದ ನೆರವು ಮಾತ್ರ ಇದೆ. ತೂಕ ನೋಡುವುದಾದರೆ ಒಬ್ಬನನ್ನೇ ಕರೆಯಿರಿ. ಊಟದ ಬಿಡುವಿನಲ್ಲಿ ಲ್ಯಾಬ್ ಕೆಲಸ ಹಾಕಬೇಡಿ. ಎರಡು ದಿನ ಸತತ ಊಟ ಬಿಟ್ಟದ್ದು ಕಂಡರೆ ಮನೆಗೆ ತಿಳಿಸಿ. ಕಳಿಸುವ ಮೊದಲು ಪತ್ರವನ್ನು ಅವನಿಗೆ ಓದಲು ಕೊಟ್ಟೆ. ಓದಿ, ಪೆನ್ನು ಕೇಳಿ, ಕೆಳಗೆ ತಾನೇ ಒಂದು ಸಾಲು ಸೇರಿಸಿದ: ‘ಬೆಳಗ್ಗೆ ಹನ್ನೊಂದಕ್ಕೆ ತಿಂಡಿ ತಿನ್ನಲು ಹತ್ತು ನಿಮಿಷ ಹೊರಗೆ ಬಿಡಬೇಕು.’ ಪ್ರಾಂಶುಪಾಲರು ಒಪ್ಪಿದ್ದಾರೆ.